ಆಷಾಢದಲ್ಲಿ ನನ್ನನ್ನು ರಾಜೂರಿಗೆ ಎಳೆದೊಯ್ದ ಹಗ್ಗ

ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆರೆದರೆ ನಗುತ್ತಿದ್ದವರಲ್ಲಿ ನಾನೇ ಮೊದಲಿಗ. ಗಜೇಂದ್ರಗಡದ ನಮ್ಮ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇಂಥ ಕಥೆ ಹೇಳಿದವರನ್ನು ನಾನು ಕಡಿಮೆ ಗೇಲಿ ಮಾಡಿಲ್ಲ. ಆದ್ದರಿಂದ ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಆದದ್ದನ್ನು ಆದಂತೆ ಹೇಳಿಬಿಡುತ್ತೇನೆ.

ಐವತ್ತರ ದಶಕದ ಮಾತು. ನನಗೆ ಮದುವೆಯಾಗಿ ಮೂರು ತಿಂಗಳಾಗಿತ್ತು. ಆಷಾಢ ಬಂತು, ಹೆಂಡತಿ ಗಂಗವ್ವ ತವರೂರು ರಾಜೂರಿಗೆ ಹೋದಳು. ಮೊದಲ ಆಷಾಢದಲ್ಲಿ ಅಳಿಯನಾದವನು ಅತ್ತೆಯ ಮನೆಯ ಹೊಸ್ತಿಲು ದಾಟಬಾರದು, ಅತ್ತೆ-ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು. ನನ್ನ ಆತುರ ಬಲ್ಲ ಮಾವ ಮೊದಲೇ ಹೇಳಿಕಳಿಸಿದ್ದರು: "ಅಳಿಯಂದ್ರು ಈ ತಿಂಗಳಾ ನಮ್ಮ ಹೊಸ್ತಿಲಾ ತುಳದ್ರ, ಮಗಳನ್ನ ದೀಪಾವಳಿ ತನಕಾ ಕಳಸೂದಿಲ್ಲ." ಅವರು ಆಡಿದ್ದನ್ನು ಮಾಡಿ ತೋರಿಸುವ ಮನುಷ್ಯ.

ಹದಿನೈದು ದಿನ ಹೇಗೋ ತಳ್ಳಿದೆ. ಹದಿನಾರನೆಯ ದಿನ ನನಗೆ ಇದ್ದಕ್ಕಿದ್ದಂತೆ ಮೊಲದ ಬೇಟೆಯ ಹುಚ್ಚು ಹತ್ತಿತು. ಮೊಲದ ಮಾತಿರಲಿ, ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆತನ ನಮ್ಮದು. ಆದರೆ ಗೆಳೆಯ ಹನಮಪ್ಪನ ಹತ್ತಿರ ಮೋತ್ಯಾ, ಕರಿಯಾ ಎಂಬ ಎರಡು ಬೇಟೆ ನಾಯಿಗಳಿದ್ದವು. ರಾಜೂರಿನ ಕಡೆಯ ಗುಡ್ಡದ ಮೇಲೆ ಮೂರು ದಿನ ಗುಡಾರ ಹಾಕೋಣ ಎಂದೆ. ಅಲ್ಲಿಂದ ಮಾವನ ಹೆಸರುಕಾಳಿನ ಹೊಲ ಕಾಣುತ್ತದೆ, ಗಂಗವ್ವ ಕಳೆ ತೆಗೆಯಲು ಬಂದೇ ಬರುತ್ತಾಳೆ. ಗುಡ್ಡದ ಮೇಲಿನಿಂದ ನೋಡಿದರೆ ಯಾವ ಶಾಸ್ತ್ರವೂ ಕೆಡುವುದಿಲ್ಲವಲ್ಲ!

ಹನಮಪ್ಪ ನನ್ನ ಮುಖ ನೋಡಿ, "ಮೊಲಾ ಯಾವ ಊರಾಗೈತಿ ಅಂತ ಗೊತ್ತಾತ ಬಿಡೋ" ಎಂದ.

ಜಾಲಿಗಿಡಕ್ಕೆ ತಾಡಪತ್ರಿ ಕಟ್ಟಿ ಗುಡಾರ ಮಾಡಿದೆವು. ನಾಯಿಗಳನ್ನೂ ಅದೇ ಗಿಡಕ್ಕೆ ಕಟ್ಟಿದೆವು. ದೀಪ ಹಚ್ಚುವ ಹೊತ್ತು, ಬುತ್ತಿ ಬಿಚ್ಚಿ ರೊಟ್ಟಿ ಮುರಿದಿದ್ದೆವಷ್ಟೆ, ಬಂತು ನೋಡಿ ಮಳೆ-ಗಾಳಿ! ಆಷಾಢದ ಗಾಳಿ ಗೊತ್ತಿದ್ದೂ ಗುಡ್ಡದ ನೆತ್ತಿಯ ಮೇಲೆ ಗುಡಾರ ಹಾಕಿದ ಜಾಣ ನಾನು. ತಾಡಪತ್ರಿ ಮೇಲೆದ್ದಿತು, ಬುತ್ತಿ ಚೆಲ್ಲಾಪಿಲ್ಲಿಯಾಯಿತು, ರೊಟ್ಟಿ ನಾಯಿಗಳ ಪಾಲಾಯಿತು. ಹನಮಪ್ಪ ಕತ್ತಲಲ್ಲಿ ಎಲ್ಲಿಂದಲೋ ಕೂಗಿದ: "ನಾಯಿ ಹಗ್ಗಾ ಹಿಡ್ಕೋ! ಊರಿಗೆ ಅದ ಕರ್ಕೊಂಡ್ ಹೋಗತೈತಿ!"

ಕಣ್ಣು ಬಿಡಲಾಗದ ಮಳೆಯಲ್ಲಿ ಗಿಡದ ಬುಡ ತಡಕಾಡಿದೆ. ಹಗ್ಗವೊಂದು ಸಿಕ್ಕಿತು. ಬಿಚ್ಚಿದ ಕೂಡಲೇ ಅದು ನನ್ನನ್ನು ಎಳೆಯತೊಡಗಿತು. ನಾನು ಮುಗ್ಗರಿಸಿ ಬಿದ್ದರೆ ನಿಲ್ಲುತ್ತಿತ್ತು, ಎದ್ದರೆ ಮತ್ತೆ ಎಳೆಯುತ್ತಿತ್ತು. ನಾಯಿಯ ಈ ನಿಯತ್ತಿಗೆ ನನ್ನ ಕರುಳು ಕರಗಿಹೋಯಿತು. "ಮೋತ್ಯಾ, ಇನ್ನ ಮ್ಯಾಲ ನಿನಗ ದಿನಾ ಹಾಲು ಹಾಕ್ತೇನಿ" ಎಂದು ದಾರಿಯುದ್ದಕ್ಕೂ ಮಾತು ಕೊಟ್ಟೆ. ಕೊನೆಗೊಮ್ಮೆ ಹಣೆ ಬಾಗಿಲಿಗೆ ಬಡಿಯಿತು. ನಮ್ಮ ಮನೆಯೇ ಬಂತೆಂದು ನೂಕಿ ಒಳಗೆ ಕಾಲಿಟ್ಟೆ. ದೀಪ ಹಿಡಿದು ಎದುರಿಗೆ ನಿಂತವರು ನನ್ನ ಅತ್ತೆ!

"ಅಯ್ಯ ಯವ್ವಾ!" ಎಂದು ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಮಾವ ಬಂದರು.

"ಏನ್ರಿ ಅಳಿಯಂದ್ರ, ನಾ ಏನ್ ಹೇಳಿದ್ದೆ?"

"ನಾ ಬಂದಿಲ್ರಿ ಮಾವಾರ, ನಾಯಿ ಎಳ್ಕೊಂಡ್ ಬಂತ್ರಿ!"

"ಎಲ್ಲೈತಿ ನಾಯಿ?"

ತಿರುಗಿ ನೋಡಿದೆ. ಹಗ್ಗದ ಆ ತುದಿಯಲ್ಲಿ ಏನೂ ಇರಲಿಲ್ಲ. ಮಾವ ಕಂದೀಲು ಹಿಡಿದು ಅಂಗಳಕ್ಕಿಳಿದರು. ಕೆಸರಿನಲ್ಲಿ ನನ್ನ ಹೆಜ್ಜೆ ಬಿಟ್ಟರೆ ಬೇರೊಂದು ಹೆಜ್ಜೆಯಿಲ್ಲ. "ಸುಳ್ಳು ಹೇಳೂದಾದ್ರೂ ಚಂದಾಗಿ ಹೇಳ್ರಿ" ಎಂದು ನನ್ನನ್ನು ದನದ ಕೊಟ್ಟಿಗೆಗೆ ಕಳಿಸಿದರು. ದೀಪಾವಳಿಗೆ ಇನ್ನೆಷ್ಟು ದಿನವೆಂದು ಎಣಿಸುತ್ತ ಎತ್ತುಗಳ ಪಕ್ಕ ಬಿದ್ದುಕೊಂಡೆ. ನಾಚಿಕೆಗಿಂತ ದುಃಖವೇ ಹೆಚ್ಚಾಗಿತ್ತು.

ಬೆಳಿಗ್ಗೆ ಹನಮಪ್ಪ ನನ್ನನ್ನು ಹುಡುಕುತ್ತ ಬಂದ. ಅವನ ಹಿಂದೆ ಮೋತ್ಯಾ, ಕರಿಯಾ ಎರಡೂ ಇದ್ದವು. "ಎರಡೂ ನಿನ್ನಿ ನನ್ನ ಜೋಡೀನ ಮನೀಗೆ ಬಂದ್ವು" ಎಂದ. ನನ್ನ ಕೈಯ ಹಗ್ಗ ನೋಡಿ, "ಇದು ನಾಯೀದಲ್ಲೋ, ತಾಡಪತ್ರೀದು!" ಎಂದ.

"ಹಂಗಾರ ಗಾಳಿಗೆ ತಾಡಪತ್ರಿ ಎಳ್ಕೊಂಡ್ ಬಂದಿರಬೇಕು" ಎಂದರು ಮಾವ.

"ಎಲ್ಲೀದ್ರಿ ಗೌಡ್ರ, ತಾಡಪತ್ರಿ ಇನ್ನೂ ಗುಡ್ಡದ ಮ್ಯಾಲ ಜಾಲಿಗಿಡಕ್ಕ ಸಿಕ್ಕೊಂಡೈತಿ. ಈಗ ನೋಡಿ ಬಂದೆ."

ಮಾವ ಹಗ್ಗ ನೋಡಿದರು, ನನ್ನನ್ನು ನೋಡಿದರು. ನಾನು ಸುಳ್ಳುಗಾರನೆಂದುಕೊಂಡಾಗ ಇದ್ದ ಧೈರ್ಯ, ನಾನು ಹೇಳಿದ್ದು ಖರೆಯೆಂದು ತಿಳಿದಾಗ ಅವರಲ್ಲಿ ಉಳಿಯಲಿಲ್ಲ. ಒಳಗೆ ಹೋಗಿ ಅತ್ತೆಯೊಡನೆ ಗುಸುಗುಸು ಮಾತಾಡಿ ಬಂದು, "ಇದು ಯಾರ ಕೆಲಸಾನೋ ಏನೋ, ನಾವು ಅಡ್ಡ ಬರೂದು ಬ್ಯಾಡ. ಪಂಚಮಿ ಮುಗದ ಮರುದಿನಾನ ಮಗಳನ್ನ ಕಳಸ್ತೀವ್ರಿ" ಎಂದರು. ಹಾಗೆಯೇ ಕಳಿಸಿದರು.

ಯಾರ ಕೆಲಸ? ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ದೆವ್ವವೆನ್ನಲು ಇವತ್ತಿಗೂ ಮನಸ್ಸು ಒಪ್ಪುವುದಿಲ್ಲ, ಬೇರೇನು ಎನ್ನಬೇಕೋ ತೋಚುವುದಿಲ್ಲ. ಗಂಗವ್ವನದು ಮಾತ್ರ ಬೇರೆಯೇ ತಕರಾರು. "ಖರೇ ಹೇಳ್ರಿ, ನನ್ನ ನೋಡಾಕ ನೀವಾಗೇ ಬಂದ್ರೋ, ಏನರ ಎಳ್ಕೊಂಡ್ ಬಂತೋ?" ಎಂದು ಈಗಲೂ ಕೇಳುತ್ತಾಳೆ. ಏನೋ ಎಳೆದು ತಂದಿತು ಎಂದರೆ ಅವತ್ತು ಸಾರಿಗೆ ಉಪ್ಪಿರುವುದಿಲ್ಲ. ಆದ್ದರಿಂದ ನಾನಾಗೇ ಬಂದೆ ಎನ್ನುತ್ತೇನೆ. ಆಕೆ ನಗುತ್ತಾಳೆ, ನಂಬುವುದಿಲ್ಲ. ಹಾಡುಹಗಲಿನಲ್ಲೇ ರಾಜೂರಿನ ದಾರಿ ತಪ್ಪುವ ಗಂಡ ನಾನೆಂದು ಆಕೆಗೆ ಚೆನ್ನಾಗಿ ಗೊತ್ತು.