ಒಂದು ಸ್ಟಾರ್ ಕೊಟ್ಟವಳು

ನಾಜ್ನೀನ್, ನಿನ್ನ ವಿಡಿಯೋ ಆಟಕ್ಕೆ ಆನ್‌ಲೈನಿನಲ್ಲಿ ಒಂದೇ ಸ್ಟಾರ್ ಕೊಟ್ಟು, ಸುಳ್ಳು ಹೆಸರಿನಲ್ಲಿ ಆ ಉದ್ದನೆಯ ರಿವ್ಯೂ ಬರೆದವಳು ನಾನೇ. ಮೂರು ವರ್ಷದಿಂದ ನೀನು ಶಪಿಸುತ್ತಿರುವ ಆ 'ಯಾವನೋ' ಗಂಡಸೇ ಅಲ್ಲ — ಮೈಸೂರಿನಲ್ಲಿ ನಿನ್ನ ಅಣ್ಣನ ಟಿವಿ ಮುಂದೆ ನಿನ್ನ ಪಕ್ಕದಲ್ಲೇ ಕೂತು ಕತ್ತಿ ಬೀಸುತ್ತಿದ್ದ ಈ ವಸುಧಾ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆಟ ಕೆಟ್ಟದಾಗಿತ್ತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ನಮ್ಮ ಬೇಸಿಗೆ ರಜೆಗಳನ್ನೆಲ್ಲ ನುಂಗಿದ ಆ ಹಳೆಯ ಆಟದ ಹೆಸರನ್ನು ಅಂಗೈಯಗಲದ ಯಂತ್ರಕ್ಕೆ ಅಂಟಿಸಿ, ಅದರ ಮುಂದಿನ ಭಾಗವೆಂದು ಮಾರಿದರಲ್ಲ ನಿಮ್ಮ ಕಂಪನಿಯವರು — ನಾಚಿಕೆಯಾಗಬೇಡವೇ? ಹಳೆಯದರಲ್ಲಿ ಗುರಾಣಿ ಹಿಡಿದುಕೊಂಡೇ ನಡೆಯಬಹುದಿತ್ತು. ಇದರಲ್ಲಿ ನಡೆಯುವುದಕ್ಕೂ ಗುರಾಣಿ ಎತ್ತುವುದಕ್ಕೂ ಅದೇ ಎಡ ಹೆಬ್ಬೆರಳು ಬೇಕು. ನಡೆದರೆ ಗುರಾಣಿಯಿಲ್ಲ, ಗುರಾಣಿ ಎತ್ತಿದರೆ ನಡಿಗೆಯಿಲ್ಲ. ಬಾಣ ಸುರಿಯುವ ಸೇತುವೆಯನ್ನು ದಾಟುವುದು ಹೇಗೆ? ಇನ್ನೊಂದು ಎಡ ಹೆಬ್ಬೆರಳನ್ನು ಎಲ್ಲಿಂದ ತರುವುದು?

ಆದರೆ ಇದನ್ನು ನಿನ್ನ ಮುಖಕ್ಕೆ ಹೇಳಬೇಕಾಗಿದ್ದ ದಿನ — ಹೇಳಲಿಲ್ಲ.

ಆಟ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಯಾವ ಬಟನ್ ಒತ್ತಿದರೆ ಏನಾಗಬೇಕು ಎಂದು ತೀರ್ಮಾನಿಸುವುದು ನಿನ್ನ ಕೆಲಸ. ಕಂಪನಿಯವರ ಒಪ್ಪಿಗೆ ಪಡೆದು, ನನ್ನೊಬ್ಬಳಿಗೆ ತೋರಿಸಲೆಂದೇ ನೀನು ನಿಮ್ಮೂರು ಕ್ಯಾರಿಯಿಂದ ನಾನಿರುವ ಆಶ್‌ಬರ್ನ್‌ವರೆಗೆ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದೆ. ನಾನು ಆ ಸೇತುವೆಯ ಮೇಲೆ ಏಳು ಸಲ ಸತ್ತೆ. ನೀನು ಆಟ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದೆ.

"ಏನಾದ್ರೂ ಸರಿ ಇಲ್ಲ ಅನ್ಸಿದ್ರೆ ಈಗ್ಲೇ ಹೇಳೇ. ಇನ್ನೂ ಎರಡು ವಾರ ಟೈಮ್ ಇದೆ. ಮೀಟಿಂಗಲ್ಲಿ ಫೈಟ್ ಮಾಡಿಯಾದ್ರೂ ಚೇಂಜ್ ಮಾಡಿಸ್ತೀನಿ."

"ಸೂಪರ್ ಆಗಿದೆ ಕಣೇ. ಒಂದು ಬಟನ್ನೂ ಮುಟ್ಬೇಡ."

ಯಾಕೆ ಹಾಗಂದೆ? ಈ ಪರದೇಶದಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟಕ್ಕೆ ಹೋಗಿ, ಉಪ್ಪಿಲ್ಲದ ಬಿಸಿಬೇಳೆಭಾತಿಗೂ ಸೂಪರ್ ಎಂದು ಇನ್ನೊಂದು ಸಲ ಬಡಿಸಿಕೊಂಡು, ನಿಜವನ್ನು ಮಾತ್ರ ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಆಡುವ ಜನ ನಾವು. ನಾವು ಎನ್ನುವುದೇಕೆ — ನಾನು. ನೀನು ಹಾಗಲ್ಲ. ನನ್ನ ಮೊದಲ ಒಬ್ಬಟ್ಟನ್ನು ಕಚ್ಚಿ, "ಇದು ರಬ್ಬರ್ ಕಣೇ" ಎಂದು ನನ್ನೆದುರೇ ಅಂದವಳು...

ಮಾರಾಟಕ್ಕೆ ಬಂದ ದಿನ ನಾನೂ ಕೊಂಡೆ. ಗುರಾಣಿಯ ಬಟನ್ ಅಲ್ಲೇ ಇತ್ತು. ಮತ್ತೆ ಅದೇ ಸೇತುವೆ, ಅದೇ ಸಾವು. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ? ಮುಟ್ಟಬೇಡ ಎಂದವಳು ನಾನೇ ಅಲ್ಲವೇ! ಆದರೂ ಕೂತು ಬರೆದೆ: ಈ ಬಟನ್ ಇಲ್ಲಿಟ್ಟವರು ಹಳೆಯ ಆಟವನ್ನು ಒಂದು ದಿನವೂ ಆಡಿದವರಲ್ಲ. ನಿನ್ನ ಬಗ್ಗೆ, ನಾಜ್ನೀನ್ — ನನಗೆ ಆ ಆಟ ಕಲಿಸಿಕೊಟ್ಟ ನಿನ್ನ ಬಗ್ಗೆ.

ಮಾರನೆಯ ದಿನ ನೀನು ಫೋನ್ ಮಾಡಿ ಆ ಸಾಲನ್ನು ನನಗೇ ಓದಿ ಹೇಳಿದೆ. ನಿನ್ನ ದನಿ ಒಡೆದಿತ್ತು.

"ನಂಗೂ ಆ ಬಟನ್ ಮೇಲೆ ಡೌಟ್ ಇತ್ತು ಕಣೇ. ನೀನು ಮುಟ್ಬೇಡ ಅಂದ್ಯಲ್ಲ, ಅದಕ್ಕೇ ಸುಮ್ನಾದೆ. ಆದ್ರೆ ನಾನು ಆಡೇ ಇಲ್ಲ ಅಂತಾನಲ್ಲ ಇವ್ನು?"

"ಯಾವನೋ ಮುಟ್ಠಾಳ, ಬಿಡೇ" ಎಂದೆ.

ಅನ್ನುವಾಗ ನಾಲಿಗೆ ತಡವರಿಸಲೂ ಇಲ್ಲ. ತಿದ್ದಲು ಸಮಯವಿದ್ದಾಗ ಬಾಯಿ ಮುಚ್ಚಿಕೊಂಡಿದ್ದೆ, ಕೈಮೀರಿದ ಮೇಲೆ ಊರಿಗೆಲ್ಲ ಡಂಗುರ ಸಾರಿದೆ. ಹಳೆಯ ಅಭಿಮಾನಿಗಳಿಗೆ ಕಂಪನಿಯವರು ಮೋಸ ಮಾಡಿದರು ಎಂದು ಆ ರಿವ್ಯೂನಲ್ಲಿ ಕಿರುಚಿದ್ದೇನಲ್ಲ — ನಾನು ಮಾಡಿದ್ದಕ್ಕೆ ಏನು ಹೆಸರು?

ಈ ಶನಿವಾರ ಹೊಸ ಆಟ ತೋರಿಸಲು ಬರುತ್ತೇನೆ ಎಂದಿದ್ದೀಯ. "ನಿನ್ನ ಮಾತೊಂದೇ ನಾನು ನಂಬೋದು" ಎಂದೂ ಮೆಸೇಜ್ ಮಾಡಿದ್ದೀಯ. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಾಲ್ಕೂವರೆ ಗಂಟೆಯ ದಾರಿ ಹಿಡಿಯುವ ಮೊದಲು ಇದನ್ನು ಓದು. ನೀನು ಬಾರದಿದ್ದರೆ, ಯಾಕೆ ಎಂದು ನಾನು ಕೇಳುವುದಿಲ್ಲ.