ಗೊಮ್ಮಟನ ಕೆಳಗೆ ಚಪ್ಪಲಿ ಕಾದದ್ದು

ಸೇಡಂನಲ್ಲಿ ಹುಟ್ಟಿ ಬೆಳೆದವರಿಗೆ ಕಲ್ಲೆಂದರೆ ಮಲಗಿದ ವಸ್ತು. ನಮ್ಮ ಕಡೆ ಅದು ನೆಲದಿಂದ ಪದರು ಪದರಾಗಿ ಏಳುತ್ತದೆ. ಅಂಗಳಕ್ಕೆ ಹಾಸುತ್ತೇವೆ, ಮೇಲೆ ನಡೆಯುತ್ತೇವೆ, ಮಳೆ ಬಂದರೆ ಜಾರಿ ಬೀಳುತ್ತೇವೆ. ಹಾಗಾಗಿ ಒಂದೇ ಬಂಡೆ ಗುಡ್ಡದ ನೆತ್ತಿಯಲ್ಲಿ ಮನುಷ್ಯನಾಗಿ ನಿಂತಿರುವುದನ್ನು ಕಣ್ಣಾರೆ ನೋಡಬೇಕೆಂದು ನನಗೆ ಮದುವೆಗೂ ಮುಂಚಿನ ಆಸೆ. ಶ್ರವಣಬೆಳಗೊಳಕ್ಕೆ ಹೋಗೋಣವೆಂದು ಹಟ ಹಿಡಿದವಳು ನಾನೇ. ಕ್ರೂಸರ್ ಗಾಡಿ ಗೊತ್ತು ಮಾಡಿಸಿದ್ದೂ, ದಾರಿಗೆಂದು ಖಡಕ್ ರೊಟ್ಟಿ ಬಡಿದದ್ದೂ ನಾನೇ.

ಗುಡ್ಡದ ಬುಡದಲ್ಲಿ ಇಳಿದಾಗ ಗೊತ್ತಾಯಿತು, ಬರಿಗಾಲಲ್ಲೇ ಏರಬೇಕು, ಮೆಟ್ಟಿಲು ನೂರಾರು. ನಮ್ಮತ್ತೆಯ ಮೊಣಕಾಲು ಮನೆಯ ಹೊಸ್ತಿಲು ದಾಟುವಾಗಲೇ ಕೂಗುತ್ತದೆ. "ನಾ ಏನ್ ಏರ್ತೀನಿ, ಇಲ್ಲೇ ಕುಂದರ್ತೀನಿ, ನೀವು ಹೋಗ್ರಿ" ಅಂದರು. ಗಂಡ, ನಾದಿನಿ, ನಾದಿನಿಯ ಗಂಡ ಮೂವರೂ ಮುಖ ಮುಖ ನೋಡಿಕೊಂಡರು. ಯಾರಾದರೂ ಮಾತಾಡಬೇಕಲ್ಲ.

"ಅತ್ತಿ ಜೋಡಿ ನಾ ಇರ್ತೀನಿ, ನೀವು ನೋಡಿ ಬರ್ರಿ" ಅಂದೆ.

ಇದು ನಮ್ಮಲ್ಲಿ ಹೇಳಲೇಬೇಕಾದ ಮಾತು. ಊಟಕ್ಕೆ ಕರೆದರೆ ಹಸಿದಿದ್ದರೂ "ಈಗೇ ಉಂಡು ಬಂದೀವಿ" ಅನ್ನುವುದಿಲ್ಲವೇ, ಹಾಗೆ. ಕೈಹಿಡಿದು ಎಳೆಯುವುದು ಕೇಳಿದವರ ಕೆಲಸ. ನಾನು ನನ್ನ ಪಾಲು ಮುಗಿಸಿ ಅವರ ಪಾಲಿಗೆ ಕಾದೆ. ಗಂಡ "ಆತು, ಛಲೋ ಆತು" ಎಂದು ಚಪ್ಪಲಿ ಬಿಟ್ಟು ನನ್ನ ಮುಂದೆ ಸರಿಸಿದರು. "ನಾವು ಇಳಿದ ಮ್ಯಾಲ ನೀ ಹೋಗು."

ಮೂರು ಜೊತೆ ಚಪ್ಪಲಿ, ನಾಲ್ಕು ಚೀಲ, ಒಬ್ಬ ಅತ್ತೆ. ಕೂತಲ್ಲಿಂದ ಮೆಟ್ಟಿಲು ಕಾಣುತ್ತಿತ್ತು, ಮೇಲಿನ ಗೋಡೆ ಕಾಣುತ್ತಿತ್ತು, ಗೊಮ್ಮಟ ಮಾತ್ರ ಕಾಣಲಿಲ್ಲ. ಅತ್ತೆ ಏನು ಕೇಳಿದರೂ ಹೂಂ, ಇಲ್ಲ, ಅಷ್ಟೇ ಅಂದೆ. ಆ ಮೊಣಕಾಲನ್ನು ನೋಡುತ್ತ ಒಳಗೊಳಗೇ ಬೈದೆ. ನಡುವೆ ಯಾರೋ ಒಬ್ಬ ಮುದುಕಿಯನ್ನು ನಾಲ್ಕು ಜನ ಡೋಲಿಯಲ್ಲಿ ಹೊತ್ತು ಮೇಲೇರಿದರು. ಅವಳು ಮರೆಯಾಗುವ ತನಕ ಅತ್ತೆ ಕತ್ತೆತ್ತಿ ನೋಡಿದರು. ನಾನು ಗಡಿಯಾರ ನೋಡುತ್ತಿದ್ದೆ.

ಎರಡೂವರೆ ತಾಸಿನ ಮೇಲೆ ಇಳಿದು ಬಂದರು. ನಾನು ಆಗಲೇ ಸೆರಗು ಸಿಕ್ಕಿಸಿ ಎದ್ದು ನಿಂತಿದ್ದೆ. ಅಷ್ಟರಲ್ಲಿ ಡ್ರೈವರ್ "ಹಳೇಬೀಡು ಬಂದ್ ಆಗ್ತದ, ಲಗೂ ಹತ್ತ್ರಿ" ಅಂದ. ಎಲ್ಲರೂ ಹತ್ತಿದರು. ಗಂಡ ಮೊಬೈಲ್ ನನ್ನ ಕೈಗಿಟ್ಟರು. "ನೋಡು, ಎಲ್ಲಾ ತೆಗೆದೀನಿ. ಅಲ್ಲಿಗಿಂತ ಇದರಾಗೇ ಛಂದ ಕಾಣ್ತದ."

ಯಾವ ಫೋಟೋ ತೆರೆದರೂ ನಾದಿನಿಯ ಗಂಡ ಹಲ್ಲು ಕಿರಿಯುತ್ತಿದ್ದ. ಅವನ ಹೆಗಲ ಹಿಂದೆ ಒಂದಿಷ್ಟು ಕಲ್ಲಿನ ಪಾದ. ನನಗೆ ಹೊಟ್ಟೆ ಉರಿದುಹೋಯಿತು. ಅತ್ತರೆ ನಗುತ್ತಾರೆಂದು ಕಿಟಕಿಗೆ ಮುಖ ಮಾಡಿ ಕೂತೆ.

ಊರು ದಾಟಿದ ಮೇಲೆ ಪಕ್ಕದಲ್ಲಿದ್ದ ಅತ್ತೆ ಮೆಲ್ಲಗೆ ಅಂದರು. "ಆ ಮುದುಕಿಗಿ ಒಯ್ದಂಗ ನನಗೂ ಒಯ್ತಿದ್ರು. ನೀನೂ ಬಾಜೂಕ ಏರ್ತಿದ್ದಿ."

ಸಿಟ್ಟು ನೆತ್ತಿಗೇರಿತು. "ಮತ್ತ ಆಗೇ ಹೇಳಬಾರದೇನ್ರಿ ಅತ್ತಿ? ನೀವೇ ಒಲ್ಲೆ ಅಂದ್ರಿ."

"ಅಂದೆ. ಯಾರರೆ ಬರ್ರಿ ಅಂತಾರಂತ ಅಂದೆ." ಅವರು ನನ್ನ ಕಡೆ ತಿರುಗಲಿಲ್ಲ. "ಅವರಿಗಿ ತಿಳೀಲಿಲ್ಲ, ಬಿಡು. ನೀ ಎರಡೂವರೆ ತಾಸು ನನ್ನ ಬಾಜೂಕೇ ಕುಂತಿದ್ದಿ."