ಗೊತ್ತಿಲ್ಲ ಎನ್ನಲಾರದವನು

ಅಣ್ಣಯ್ಯನ ಬಲಗೈಯ ನಡುಬೆರಳಲ್ಲಿ ಲೇಖನಿ ಒತ್ತಿ ಒತ್ತಿ ಎದ್ದ ಗಂಟೊಂದಿತ್ತು. ಉಳಿದಂತೆ ಅವನ ಅಂಗೈ ಮೂವತ್ತರ ವಯಸ್ಸಿನಲ್ಲೂ ಎಳೆಮಗುವಿನದರಂತೆ ಮೆತ್ತಗೆ. ಅವನು ನನ್ನ ದೊಡ್ಡಪ್ಪನ ಮಗ. ಬಾವಿಯಿಂದ ಒಂದು ಕೊಡ ನೀರು ಸೇದಲು ಅವನನ್ನು ಯಾರೂ ಬಿಡಲಿಲ್ಲ. "ಅವ ಓದೋ ಮಾಣಿ, ನೀ ಹೋಗು" ಎಂದು ದೊಡ್ಡಮ್ಮ ಹಗ್ಗವನ್ನು ನನ್ನ ಕೈಗೆ ಕೊಡುತ್ತಿದ್ದರು.

ಶೃಂಗೇರಿಯ ಹತ್ತಿರ ಮೆಣಸೆಯಲ್ಲಿ ನಮ್ಮ ಮನೆ. ನೆಂಟರು ಊಟ ಮುಗಿಸಿ ಎಲೆಯಡಿಕೆಗೆ ಕೂತರೆ ಅಣ್ಣಯ್ಯನಿಗೆ ಕರೆ ಬರುತ್ತಿತ್ತು. ಮುಕ್ಕಾಲರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳಬೇಕು. ಹೇಳುತ್ತಿದ್ದ. ಒಮ್ಮೆ ಕೊಪ್ಪದಿಂದ ಬಂದವರೊಬ್ಬರು ಶ್ಲೋಕ ಹೇಳಿ ಅರ್ಥ ಕೇಳಿದರು. "ಗೊತ್ತಿಲ್ಲ" ಎಂದ. ಹನ್ನೊಂದು ವರ್ಷದ ಹುಡುಗ. ಅವನ ತುಟಿ ನಡುಗಿತು ಎಂದು ಬರೆಯಹೊರಟೆ. ಅದು ನನಗೆ ನೆನಪಿಲ್ಲ, ಬರೆಯಲು ಚೆನ್ನಾಗಿದೆ ಅಷ್ಟೆ. ನೆನಪಿರುವುದನ್ನು ಬರೆಯುವಾಗ ಮೈ ಉರಿಯುತ್ತದೆ. ದೊಡ್ಡಪ್ಪ ಎಂಟು ದಿನ ಮಗನ ಜೊತೆ ಮಾತು ಬಿಟ್ಟರು. "ನಿನ್ನ ಮಗನಿಗೆ ಹೇಳು, ನೀರು ಕಾದಿದೆ" ಎಂದು ಅವನೆದುರೇ ದೊಡ್ಡಮ್ಮನಿಗೆ ಹೇಳುತ್ತಿದ್ದರು. ಗೊತ್ತಿಲ್ಲ ಎಂಬ ಆ ಒಂದು ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ದಡ್ಡನಾದ ನಾನು ದಿನಕ್ಕೆ ಹತ್ತು ಸಲ ಅದನ್ನೇ ಹೇಳಿ, ಪೆಟ್ಟು ತಿಂದು, ಕೇಳಿ ಕಲಿತೆ.

ಮುಂದೆ ಇಬ್ಬರೂ ನರಸಿಂಹರಾಜಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾದೆವು. ಯುದ್ಧದ ಕಾಲ. ಭತ್ತಕ್ಕೆ, ಸೀಮೆಎಣ್ಣೆಗೆ, ಎಲ್ಲಕ್ಕೂ ಹೊಸ ಪರ್ಮಿಟ್ಟು, ಹೊಸ ಕಾಗದ. ನಾಲ್ಕು ತಿಂಗಳಾದ ಮೇಲೆ ಅವನ ಬೀರುವಿನಲ್ಲಿ ಉತ್ತರ ಕಾಣದ ಅರ್ಜಿಗಳ ಕಟ್ಟು ಸಿಕ್ಕಿತು. ತಾರೀಖಿನ ಪ್ರಕಾರ ಅಂದವಾಗಿ ಜೋಡಿಸಿದ್ದ. ಮನೆಯಲ್ಲಿ ದೀಪಕ್ಕೆ ಎಣ್ಣೆಯಿಲ್ಲವೆಂದು ಮುತ್ತಿನಕೊಪ್ಪದ ಬಾಣಂತಿಯೊಬ್ಬಳು ಬರೆಸಿದ್ದೂ ಅದರಲ್ಲಿತ್ತು.

"ಎಂತ ಅಣ್ಣಯ್ಯಾ ಇದು? ನನ್ನನ್ನೊಂದು ಮಾತು ಕೇಳಬಾರದಿತ್ತಾ?"

"ನಿನ್ನನ್ನಾ?" ನಕ್ಕ. "ನಿಂಗೆ ಭಾಗಾಕಾರ ಕಲಿಸಿದ್ದು ಯಾರು ಮಾರಾಯ?"

ಅಮಲ್ದಾರರು ಒಳ್ಳೆಯವರು. "ಕೆಲಸ ಗೊತ್ತಿರಲಿಲ್ಲ ಅಂತ ಒಂದು ಸಾಲು ಬರೆದುಕೊಡಿ, ಕಲಿಸೋಣ. ಇಲ್ಲದಿದ್ರೆ ನೌಕರಿ ಉಳಿಯಲ್ಲ" ಎಂದರು. ಒಂದೇ ಸಾಲು. ಪಕ್ಕದಲ್ಲಿ ನಿಂತು ಬೇಡಿಕೊಂಡೆ. ಅರ್ಧ ಗಂಟೆ ಕೂತು ಅವನು ಬರೆದದ್ದು ರಾಜೀನಾಮೆ. ಇಂಗ್ಲಿಷಿನಲ್ಲಿ, ಒಂದು ಚಿತ್ತೂ ಇಲ್ಲದೆ.

ಮನೆಗೆ ಹೋಗಿ ಎರಡು ವರ್ಷ ಸುಮ್ಮನೆ ಕೂತ. ಚಳಿಜ್ವರ ಬಂತು. ಮೈ ಸುಡುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ. ಹೋದ.

ವೈಕುಂಠ ಸಮಾರಾಧನೆಯ ದಿನ ದೊಡ್ಡಪ್ಪ ಪಂಕ್ತಿಯ ನಡುವೆ ನಿಂತು, "ದೃಷ್ಟಿ ತಾಗಿತು, ಅಂಥ ಬುದ್ಧಿ!" ಎಂದರು. ನೆಂಟರು ತಲೆಯಾಡಿಸಿದರು. ದೃಷ್ಟಿಯಲ್ಲ, ಅವನ ಬಾಯಿ ಹೊಲಿದವರು ನೀವು ಎಂದು ನಾನು ಎದ್ದು ಕೂಗಬೇಕಿತ್ತು. ಕೂಗಿದೆ ಎಂದು ಇಷ್ಟು ವರ್ಷ ಹಲವರ ಹತ್ತಿರ ಹೇಳಿಕೊಂಡಿದ್ದೇನೆ. ಸುಳ್ಳು. ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಪಾಯಸ ಎರಡನೆಯ ಸಲ ಬಂದಾಗಲೂ ಕೈ ಅಡ್ಡ ಹಿಡಿಯಲಿಲ್ಲ.